ವಿಜ್ಞಾನ ವಿಚಾರ: ನಡೆಯುವ ಯಂತ್ರದ ಕಾಲು

ಹಿಂದಿನ ಸಂಚಿಕೆಯಲ್ಲಿ ಗೋಡೆಗಡಿಯಾರದ ಲೋಲಕವನ್ನು ಕುರಿತು ಬರೆದಿದ್ದೆವಷ್ಟೆ. ಅದನ್ನೋದಿದ ವಾಚಕರೊಬ್ಬರು, "ಗಡಿಯಾರವನ್ನು ಬಿಟ್ಟರೆ ಲೋಲಕದಿಂದ ಮನುಷ್ಯನಿಗೆ ಬೇರಾವ ಪ್ರಯೋಜನವುಂಟು?" ಎಂದು ಕೇಳಿದ್ದಾರೆ. ಆ ಕಾಗದವನ್ನು ಅಂಚೆಯ ಪೆಟ್ಟಿಗೆಗೆ ಹಾಕಲು ಅವರು ನಡೆದುಹೋದುದು ಎರಡು ಲೋಲಕಗಳ ಸಹಾಯದಿಂದಲೇ. ಮುಂದಕ್ಕೆ ಬೀಸುವ ನಮ್ಮ ಕಾಲು ಸೊಂಟದಿಂದ ತೂಗುಬಿದ್ದ ಲೋಲಕವಲ್ಲದೆ ಮತ್ತೇನು? ಒಮ್ಮೆ ಚಾಲನೆ ಕೊಟ್ಟರೆ ಮುಂದಿನ ಕೆಲಸದ ಬಹುಪಾಲನ್ನು ಅದರ ಭಾರವೇ ನೋಡಿಕೊಳ್ಳುತ್ತದೆ. ಯಂತ್ರಮಾನವನಿಗೆ ಕಾಲು ಕೊಡಲು ಹೊರಟ ಶಿಲ್ಪಿಗಳಿಗೆ ಈ ಸಣ್ಣ ಸಂಗತಿಯು ದೊಡ್ಡ ಸಮಸ್ಯೆಯಾಯಿತು.

ಜಪಾನಿನ ಹೋಂಡಾ ಕಂಪನಿಯವರು ೧೯೮೬ರಲ್ಲಿ ಮಾಡಿದ ಮೊದಲ ಯಂತ್ರವು ಬರಿಯ ಎರಡು ಕಾಲುಗಳಷ್ಟೆ. ಒಂದೊಂದು ಹೆಜ್ಜೆಗೂ ಸುಮಾರು ಐದು ಸೆಕೆಂಡು ಹಿಡಿಯುತ್ತಿತ್ತು. ಹತ್ತು ವರ್ಷಗಳ ತರುವಾಯ, ೧೯೯೬ರಲ್ಲಿ, ಪಿ-೨ ಎಂಬ ಯಂತ್ರಮಾನವನನ್ನು ಅವರು ಲೋಕಕ್ಕೆ ತೋರಿಸಿದರು. ಎತ್ತರ ೧೮೨ ಸೆಂಟಿಮೀಟರು, ತೂಕ ೨೧೦ ಕಿಲೋಗ್ರಾಂ. ಒಂದೊಂದು ಕಾಲಿಗೂ ಆರಾರು ಚಲನೆಗಳು: ಸೊಂಟದಲ್ಲಿ ಮೂರು, ಮೊಳಕಾಲಿನಲ್ಲಿ ಒಂದು, ಪಾದದ ಕೀಲಿನಲ್ಲಿ ಎರಡು. ಅದು ಮೆಟ್ಟಿಲನ್ನು ಹತ್ತಿತು, ಇಳಿಯಿತು, ನೋಡಿದವರು ಬೆರಗಾದರು. ಆದರೆ ಹೊತ್ತ ಬ್ಯಾಟರಿಯು ಕಾಲು ಗಂಟೆಯ ಸುಮಾರಿಗೆ ಬರಿದಾಗುತ್ತಿತ್ತು. ಮನೆಯಲ್ಲಿ ವೃದ್ಧರಿಗೆ ಊರೆಗೋಲಾಗಬೇಕಾದ ಯಂತ್ರವು ಕಾಲು ಗಂಟೆಗೊಮ್ಮೆ ತಾನೇ ಮೂಲೆ ಹಿಡಿದರೆ ಆಗುವುದೆಂತು?

ಇದರ ಮೂಲವಿರುವುದು ಮೋಟಾರಿನ ಸ್ವಭಾವದಲ್ಲಿ. ವಿದ್ಯುತ್ತಿನ ಮೋಟಾರು ಬಲು ಚುರುಕು, ಆದರೆ ಅದರ ತಿರುಗಿಸುವ ಬಲವು ಅಲ್ಪ. ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುವುದು ಅದಕ್ಕೆ ಸುಲಭ. ಮೊಳಕಾಲಾದರೋ ಮೈಭಾರವನ್ನೆಲ್ಲ ಹೊತ್ತು, ಅರೆಸುತ್ತಿಗೂ ಕಡಮೆ, ನಿಧಾನವಾಗಿ ತಿರುಗಬೇಕು. ಇವೆರಡಕ್ಕೂ ಸಂಧಾನ ಮಾಡಿಸುವುದು ಹಲ್ಲುಚಕ್ರಗಳ ಕೆಲಸ. ನೂಲುವ ರಾಟೆಯನ್ನು ಕಂಡವರು ಇದನ್ನು ಬೇಗನೆ ಗ್ರಹಿಸುವರು. ದೊಡ್ಡ ಚಕ್ರವು ಒಂದು ಸುತ್ತು ಬರುವಷ್ಟರಲ್ಲಿ ಕದಿರು ಎಷ್ಟೋ ಸುತ್ತು ಸುತ್ತಿರುತ್ತದೆ. ರಾಟೆಯಲ್ಲಿ ಚಕ್ರವು ಕದಿರನ್ನು ತಿರುಗಿಸಿದರೆ, ಯಂತ್ರದ ಕಾಲಿನಲ್ಲಿ ಕದಿರಿನ ಸ್ಥಾನದ ಮೋಟಾರು ಚಕ್ರದ ಸ್ಥಾನದ ಕಾಲನ್ನು ತಿರುಗಿಸುತ್ತದೆ. ಮೋಟಾರಿನ ನೂರು ಸುತ್ತಿಗೆ ಕಾಲಿನ ಒಂದು ಸುತ್ತೆಂಬಂತೆ ಜೋಡಿಸಿದರೆ, ಘರ್ಷಣೆಯಲ್ಲಿ ಕಳೆಯುವುದನ್ನು ಬಿಟ್ಟು, ಬಲವು ನೂರು ಮಡಿಯಾಗುವುದು.

ಆದರೆ ಈ ಸಾಲಕ್ಕೆ ಬಡ್ಡಿಯುಂಟು. ಪಾದವು ನೆಲಕ್ಕೆ ತಗುಲಿದಾಗ ಕಾಲು ತುಸು ಹಿಂಜರಿಯಬೇಕಾದರೆ, ಆ ಕದಿರು ನೂರು ಪಟ್ಟು ವೇಗದಿಂದ ಹಿಂದಕ್ಕೆ ತಿರುಗಬೇಕು. ತಿರುಗುವ ವಸ್ತುವು ತನ್ನ ಸ್ಥಿತಿಯನ್ನು ಬದಲಿಸಲು ಒಡ್ಡುವ ಜಡತ್ವವು, ಕಾಲಿನ ಕಡೆಯಿಂದ ನೋಡಿದಾಗ, ಆ ಪ್ರಮಾಣದ ವರ್ಗದಷ್ಟು ಹೆಚ್ಚುತ್ತದೆ. ನೂರರ ವರ್ಗ ಹತ್ತು ಸಾವಿರ! ಅಂಗೈಯಲ್ಲಿ ಹಿಡಿಯಬಹುದಾದ ಮೋಟಾರು ಕಾಲಿಗೆ ಬಂಡೆಯಂತಾಗುತ್ತದೆ. ಕಾಲು ಹಾರೆಯಂತೆ ಸೆಟೆದು, ನೆಲದ ಪೆಟ್ಟೆಲ್ಲ ಹಲ್ಲುಚಕ್ರಗಳಿಗೇ ಬೀಳುತ್ತದೆ. ಲೋಲಕದಂತೆ ತಾನಾಗಿ ಬೀಸುವ ಮಾತಂತೂ ಇಲ್ಲವೇ ಇಲ್ಲ. ಇದಲ್ಲದೆ ಈ ಯಂತ್ರಗಳು ಮಂಡಿಯನ್ನು ಬಗ್ಗಿಸಿಕೊಂಡೇ ನಡೆಯುತ್ತಿದ್ದುವು. ಅದರಿಂದಾಗುವ ಆಯಾಸವನ್ನರಿಯಲು ಲೆಕ್ಕ ಬೇಕಿಲ್ಲ. ವಾಚಕರು ಮಂಡಿ ಬಗ್ಗಿಸಿ ಅಂಗಳವನ್ನು ಎರಡು ಸುತ್ತು ಬಂದು ನೋಡಬಹುದು. ಪಿ-೨ರ ತಮ್ಮನಾದ ಆಸಿಮೋ ನಡೆಯುವಾಗ, ತನ್ನ ತೂಕಕ್ಕೆ ತಕ್ಕಂತೆ ಎಣಿಸಿದರೆ, ಮನುಷ್ಯನ ಹತ್ತು ಪಟ್ಟಿಗೂ ಮಿಗಿಲಾದ ಶಕ್ತಿಯನ್ನು ವೆಚ್ಚಮಾಡುತ್ತಿತ್ತೆಂದು ೨೦೦೫ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ.

ಕೆನಡಾ ದೇಶದ ಸೈಮನ್ ಫ್ರೇಸರ್ ವಿಶ್ವವಿದ್ಯಾನಿಲಯದಲ್ಲಿದ್ದ ಟ್ಯಾಡ್ ಮೆಕ್‌ಗೀರ್ ಎಂಬವರು ಇದಕ್ಕೆ ಮೊದಲೇ, ೧೯೯೦ರಲ್ಲಿ, ಬೇರೊಂದು ದಾರಿಯನ್ನು ತೋರಿಸಿದ್ದರು. ಅವರ ಯಂತ್ರಕ್ಕೆ ಮೋಟಾರೇ ಇರಲಿಲ್ಲ. ಅಲ್ಪ ಇಳಿಜಾರಿನ ಹಲಗೆಯ ಮೇಲಿಟ್ಟು ಮೆಲ್ಲನೆ ಮುಂದೂಡಿದರೆ, ತನ್ನ ಭಾರದಿಂದಲೇ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಇಳಿದುಹೋಗುತ್ತಿತ್ತು. ರೈಟ್ ಸಹೋದರರು ಮೊದಲು ಎಂಜಿನಿಲ್ಲದೆ ತೇಲುವುದನ್ನು ಕಲಿತು ಆಮೇಲೆ ವಿಮಾನಕ್ಕೆ ಎಂಜಿನನ್ನು ಕೂಡಿಸಿದರಷ್ಟೆ. ನಡಗೆಯಲ್ಲಿಯೂ ಅದೇ ಕ್ರಮವು ಸರಿಯೆಂದು ಅವರ ವಾದ. ನಮಗೂ ಅದು ಒಪ್ಪಿಗೆಯೇ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಈ ಮತವನ್ನನುಸರಿಸಿ 'ರೇಂಜರ್' ಎಂಬ ಯಂತ್ರವನ್ನು ಕಟ್ಟಿದರು. ಅದಕ್ಕೆ ಮಂಡಿಯಿಲ್ಲ. ನಾಲ್ಕು ಕಾಲುಗಳು ಒಳಗೆರಡು ಹೊರಗೆರಡು ಜೊತೆಗೂಡಿ ಎರಡು ಕಾಲಿನಂತೆ ನಡೆಯುತ್ತವೆ. ಮೋಟಾರು ಬೇಕಾದಷ್ಟೇ ತಳ್ಳಿ ಉಳಿದುದನ್ನು ಬೀಸಿಗೆ ಬಿಡುತ್ತದೆ. ೨೦೧೧ರ ಮೇ ೧ ಮತ್ತು ೨ರಂದು ಇದು ಬ್ಯಾಟರಿಗೆ ಮತ್ತೆ ವಿದ್ಯುತ್ತು ತುಂಬಿಸಿಕೊಳ್ಳದೆ, ೩೦ ಗಂಟೆ ೪೯ ನಿಮಿಷಗಳಲ್ಲಿ ೬೫ ಕಿಲೋಮೀಟರು ನಡೆಯಿತು. ಹೆಜ್ಜೆಗಳು ೧,೮೬,೦೭೬, ಬೇಕಾದ ಶಕ್ತಿ ೧೬ ವಾಟ್, ಎಂದರೆ ಹಳೆಯ ೪೦ ವಾಟಿನ ಬಲ್ಬಿಗೆ ಬೇಕಾದುದರ ಅರ್ಧಕ್ಕೂ ಕಡಮೆ. ಆದರೆ ಅದು ನಡೆದುದು ಸಮತಟ್ಟಾದ ಒಳಾಂಗಣದ ಹಾದಿಯಲ್ಲಿ. ನಮ್ಮ ಮನೆಯ ಹೊಸ್ತಿಲನ್ನು ಅದು ದಾಟಲಾರದು.

ಹೊಸ್ತಿಲನ್ನೂ ದಾಟಬೇಕು, ಪೆಟ್ಟನ್ನೂ ತಾಳಬೇಕೆಂಬುವರು ಮೋಟಾರನ್ನೇ ತಿದ್ದಿದರು. ಮೋಟಾರು ಅಗಲವಾದಷ್ಟೂ ಅದರ ತಿರುಗಿಸುವ ಬಲವು ಹೆಚ್ಚುವುದು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ 'ಮಿನಿ ಚೀತಾ' ಎಂಬ ನಾಲ್ಕು ಕಾಲಿನ ಯಂತ್ರದಲ್ಲಿ ಬಿಲ್ಲೆಯಾಕಾರದ ಹನ್ನೆರಡು ಮೋಟಾರುಗಳಿವೆ. ಹಲ್ಲುಚಕ್ರದ ಪ್ರಮಾಣ ನೂರಲ್ಲ, ಆರು ಮಾತ್ರ. ಆರರ ವರ್ಗ ಮೂವತ್ತಾರಷ್ಟೆ! ಮಂಡಿಯನ್ನು ಆಡಿಸುವ ಮೋಟಾರನ್ನೂ ಮೇಲೆ ಸೊಂಟದ ಬಳಿಯಲ್ಲಿಯೇ ಇರಿಸಿ, ಪಟ್ಟಿಯ ಮೂಲಕ ಬಲವನ್ನು ಕೆಳಕ್ಕೆ ಸಾಗಿಸಿದ್ದಾರೆ. ನಮ್ಮ ಎತ್ತಿನ ಕಾಲನ್ನು ನೋಡಿರಿ: ಮಾಂಸವೆಲ್ಲ ಮೇಲೆ ತೊಡೆಯಲ್ಲಿ, ಕೆಳಗೆ ಬರಿಯ ಎಲುಬು, ನರ. ಒಂಬತ್ತು ಕಿಲೋಗ್ರಾಂ ತೂಕದ ಈ ಯಂತ್ರವು ೨೦೧೯ರಲ್ಲಿ ಹಿಮ್ಮುಖವಾಗಿ ಲಾಗ ಹೊಡೆದು ಕಾಲಿನ ಮೇಲೆಯೇ ಬಂದು ನಿಂತಿತು.

ಆದರೂ ಒಂದು ತೊಡಕುಳಿದಿದೆ. ಪ್ರಮಾಣವು ಕಡಮೆಯಾದುದರಿಂದ, ಕಾಲನ್ನು ಬಗ್ಗಿಸಿ ಸುಮ್ಮನೆ ನಿಲ್ಲಬೇಕಾದರೂ ಮೋಟಾರಿಗೆ ಎಡೆಬಿಡದೆ ವಿದ್ಯುತ್ತನ್ನು ಹರಿಸಬೇಕು, ಅದು ಕಾಯುತ್ತಲೇ ಇರುತ್ತದೆ. ಕುದುರೆಯಾದರೋ ಮಂಡಿಗೆ ಅಗುಳಿ ಹಾಕಿದಂತೆ ಕೀಲನ್ನು ಬಿಗಿದುಕೊಂಡು ನಿಂತೇ ತೂಕಡಿಸಬಲ್ಲುದು. ಆ ಅಗುಳಿಯ ರಚನೆಯನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸುವೆವು.