ಶನಿಗೆ ಎಷ್ಟು ಚಂದ್ರಗಳು? ಪುಸ್ತಕದಲ್ಲಿ ಒಂದು, ಮೊಬೈಲ್‌ನಲ್ಲಿ ಇನ್ನೊಂದು ಇದ್ದರೆ ಮಕ್ಕಳಿಗೆ ಏನು ಹೇಳೋಣ?

ಶನಿ ಗ್ರಹಕ್ಕೆ ಎಷ್ಟು ಚಂದ್ರಗಳಿವೆ? ಅಪ್ಪ-ಅಮ್ಮ ಓದಿದ ಪುಸ್ತಕದಲ್ಲಿ ಒಂದು ಸಂಖ್ಯೆ, ಮಗುವಿನ ಪುಸ್ತಕದಲ್ಲಿ ಇನ್ನೊಂದು, ವಾಟ್ಸಾಪ್‌ಗೆ ಬಂದ ಫಾರ್ವರ್ಡ್‌ನಲ್ಲಿ ಮತ್ತೊಂದು. ‘ಇದರಲ್ಲಿ ಯಾವುದು ಸುಳ್ಳು?’ ಎಂದು ಮಗು ಕೇಳಿದಾಗ ‘ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ ಬಿಡು’ ಎಂದು ನಕ್ಕುಬಿಟ್ಟರೆ, ಯಾವುದನ್ನೂ ನಂಬುವಂತಿಲ್ಲ ಎಂಬುದನ್ನೇ ನಾವು ಕಲಿಸಿದಂತೆ.

ಸಂಖ್ಯೆ ಬದಲಾಗಿದ್ದು ಏಕೆ?

2000ಕ್ಕೂ ಮೊದಲು ನಮಗೆ ಗೊತ್ತಿದ್ದದ್ದು ಶನಿಯ 18 ಚಂದ್ರಗಳು ಮಾತ್ರ. 2019ರಲ್ಲಿ ಈ ಸಂಖ್ಯೆ 82 ಆಯಿತು. 2025ರ ಮಾರ್ಚ್‌ನಲ್ಲಿ ಒಮ್ಮೆಲೇ 128 ಸೇರಿ 274ಕ್ಕೆ ಏರಿತು. ಇವು ಹೊಸದಾಗಿ ಹುಟ್ಟಿದವಲ್ಲ, ಮೊದಲಿನಿಂದಲೂ ಅಲ್ಲೇ ಇದ್ದವು. ಹೆಚ್ಚಿನವು ಕೆಲವೇ ಕಿಲೋಮೀಟರ್ ಅಗಲದ ಮಸುಕಾದ ಕಲ್ಲುಗಳು. ಹವಾಯಿ ದ್ವೀಪದ ದೂರದರ್ಶಕದಿಂದ ಆಕಾಶದ ಒಂದೇ ಭಾಗದ ಹಲವು ಚಿತ್ರ ತೆಗೆದು, ಶನಿ ಸಾಗಿದಂತೆ ಅವನ್ನು ಸರಿಸಿ ಒಂದರ ಮೇಲೊಂದು ಕೂಡಿಸಿದಾಗ ಇವು ಕಂಡವು. ಹಳೆಯ ಪುಸ್ತಕ ಸುಳ್ಳು ಹೇಳಿರಲಿಲ್ಲ, ಅಂದು ಕಂಡಷ್ಟನ್ನು ಬರೆದಿತ್ತು.

ಪ್ಲೂಟೊ ಕಥೆ ಬೇರೆ

ಇಲ್ಲಿ ಬದಲಾದದ್ದು ಎಣಿಕೆಯಲ್ಲ, ‘ಗ್ರಹ’ ಎಂಬ ಮಾತಿನ ಅರ್ಥ. 1930ರಲ್ಲಿ ಪತ್ತೆಯಾದ ಪ್ಲೂಟೊ ಒಂಬತ್ತನೇ ಗ್ರಹವಾಯಿತು. 1992ರಿಂದ ಈಚೆಗೆ ಅದರ ಆಸುಪಾಸಿನಲ್ಲೇ ಇನ್ನೂ ಅನೇಕ ಕಾಯಗಳು ಸಿಕ್ಕವು. 2005ರಲ್ಲಿ ಪತ್ತೆಯಾದ ಎರಿಸ್ ಹೆಚ್ಚುಕಡಿಮೆ ಪ್ಲೂಟೊದಷ್ಟೇ ದೊಡ್ಡದು. ಇವನ್ನೆಲ್ಲ ಗ್ರಹ ಎನ್ನಬೇಕೇ? 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮೂರು ನಿಯಮ ಮಾಡಿತು: ಸೂರ್ಯನನ್ನು ಸುತ್ತಬೇಕು, ದುಂಡಗಿರಬೇಕು, ತನ್ನ ದಾರಿಯಲ್ಲಿ ಬೇರೆ ಕಾಯಗಳ ಗುಂಪು ಉಳಿಯದಂತೆ ಮಾಡಿರಬೇಕು. ಮೂರನೆಯದಕ್ಕೆ ಹೊಂದದ ಪ್ಲೂಟೊ ‘ಕುಬ್ಜ ಗ್ರಹ’ವಾಯಿತು. ಅದು ಎಲ್ಲೂ ಹೋಗಿಲ್ಲ. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಅದರ ಬಳಿಯೇ ಹಾದುಹೋಗಿ ಚಿತ್ರ ಕಳಿಸಿತು. ಹೀಗಾಗಿದ್ದು ಮೊದಲ ಸಲವೂ ಅಲ್ಲ: 1801ರಲ್ಲಿ ಸಿಕ್ಕ ಸೀರಿಸ್ ಕೂಡ ಕೆಲಕಾಲ ಗ್ರಹಗಳ ಪಟ್ಟಿಯಲ್ಲಿತ್ತು.

ಮಕ್ಕಳಿಗೆ ಹೇಗೆ ಹೇಳುವುದು?

ಒಂದು ಹಾಳೆಯಲ್ಲಿ ಇಪ್ಪತ್ತು ಚುಕ್ಕೆ ಇಡಿ. ಇನ್ನೊಂದು ಹಾಳೆಯಲ್ಲೂ ಹಾಗೆಯೇ ಇಟ್ಟು, ಒಂದು ಚುಕ್ಕೆಯನ್ನು ಮಾತ್ರ ಸ್ವಲ್ಪ ಸರಿಸಿ. ‘ಯಾವುದು ಜರುಗಿದೆ, ಹುಡುಕು’ ಎನ್ನಿ. ಕ್ಲೈಡ್ ಟಾಂಬೋ ಪ್ಲೂಟೊವನ್ನು ಹುಡುಕಿದ್ದು ಹೀಗೆಯೇ, ಕೆಲವು ದಿನಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಹೋಲಿಸಿ. ಐದೇ ನಿಮಿಷದ ಈ ಆಟದಲ್ಲಿ ‘ಅದು ಹೇಗೆ ಗೊತ್ತಾಯಿತು?’ ಎಂಬುದು ಮಗುವಿಗೆ ತಿಳಿಯುತ್ತದೆ.

ಇನ್ನೊಂದು ಅಭ್ಯಾಸ: ಸಂಖ್ಯೆಯ ಜೊತೆ ವರ್ಷವನ್ನೂ ಬರೆಸಿ. ‘ಶನಿಗೆ 274 ಚಂದ್ರಗಳು, 2025ರ ಮಾರ್ಚ್‌ನ ಲೆಕ್ಕ’ ಎಂದು ಬರೆದ ಮಗು ನಾಳೆ ಸಂಖ್ಯೆ ಹೆಚ್ಚಾದರೆ ಗಾಬರಿಯಾಗುವುದಿಲ್ಲ.

ಫಾರ್ವರ್ಡ್ ಮಾಡುವ ನಮಗೂ ಇದೇ ಪಾಠ. ‘ಈ ಆಗಸ್ಟ್‌ನಲ್ಲಿ ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. 2003ರಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದಾಗ ಹುಟ್ಟಿದ ಈ ಮಾತು, ವರ್ಷವನ್ನು ಕಳಚಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಬರಿಗಣ್ಣಿಗೆ ಮಂಗಳ ಯಾವಾಗಲೂ ಒಂದು ಚುಕ್ಕೆಯಷ್ಟೆ. ಆದ್ದರಿಂದ ಕಳಿಸುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳೋಣ: ಇದು ಯಾವ ವರ್ಷದ್ದು? ಇದು ಹೇಗೆ ಗೊತ್ತಾಯಿತು?