ಶುಶ್ರೂಷಾ ವಿದ್ಯಾಲಯಗಳಲ್ಲಿ ಹಿರಿಯರ ಹೊಣೆ

ಇತರ ವಿದ್ಯೆಗಳನ್ನು ಕಲಿಯಹೊರಟವರು ಮೊದಲು ಕಾಣುವುದು ಪುಸ್ತಕವನ್ನು. ಶುಶ್ರೂಷೆಯನ್ನು ಕಲಿಯಹೊರಟವರಾದರೋ ಪುಸ್ತಕದೊಡನೆಯೇ ನರಳುವ ಮನುಷ್ಯನನ್ನೂ ಕಾಣಬೇಕಾಗುವುದು. ಹದಿನೇಳು ಹದಿನೆಂಟು ವರುಷದ ಹುಡುಗಿಯೋ ಹುಡುಗನೋ ಮನೆಯನ್ನಗಲಿ ಹಾಸ್ಟೆಲಿಗೆ ಬಂದು, ಮೊದಲ ವರುಷದಲ್ಲಿಯೇ ವಾರ್ಡಿನಲ್ಲಿ ನಿಂತು, ಅಪರಿಚಿತರ ಮೈಯೊರಸುವ, ಹಾಸಿಗೆ ಹಿಡಿದವರ ಮಲಮೂತ್ರಗಳನ್ನೆತ್ತುವ ಕೆಲಸಕ್ಕೆ ಕೈಯಿಕ್ಕಬೇಕು. ನಿನ್ನೆ ತಾವು ಆರೈಕೆಮಾಡಿದ ರೋಗಿಯ ಮಂಚವು ಇಂದು ಬರಿದಾಗಿರುವುದನ್ನೂ ನೋಡಬೇಕು. ಆ ರಾತ್ರಿ ಅವರು ಯಾರೊಡನೆ ಮಾತಾಡಬೇಕು? ಮನೆಯವರು ದೂರ; ಅಧ್ಯಾಪಕರೆಂದರೆ ಅಂಜಿಕೆ; ಜೊತೆಯವರೂ ತಮ್ಮಂತೆಯೇ ದಿಕ್ಕುಗಾಣದವರು.

ಉಳಿದವರು ಹಿರಿಯ ವಿದ್ಯಾರ್ಥಿಗಳು. ಒಂದೆರಡು ವರುಷಗಳ ಹಿಂದೆ ಇದೇ ಹಾದಿಯಲ್ಲಿ ಎಡವಿ, ಎದ್ದು ನಡೆದವರು. ಇವರಲ್ಲಿ ಮನಸ್ಸುಳ್ಳವರನ್ನು ಆರಿಸಿ ಹೊಸಬರಿಗೆ ಮಾರ್ಗದರ್ಶಕರನ್ನಾಗಿ ಪ್ರತಿಯೊಂದು ಶುಶ್ರೂಷಾ ವಿದ್ಯಾಲಯವೂ ನೇಮಿಸಬೇಕೆಂಬುದೇ ನಮ್ಮ ಸೂಚನೆ. ಇದು ನಾವು ಹೊಸದಾಗಿ ಹೆಣೆದ ಕಲ್ಪನೆಯಲ್ಲ. ರ‍್ಯಾಗಿಂಗನ್ನು ತಡೆಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿಯೇ ಈ ಮಾತಿದೆ. ಸ್ವಇಚ್ಛೆಯಿಂದ ಮುಂದೆ ಬರುವ ಹಿರಿಯರಲ್ಲಿ ಆರು ಮಂದಿ ಹೊಸಬರಿಗೆ ಒಬ್ಬರು, ಅಂತಹ ಆರು ಮಂದಿ ಹಿರಿಯರಿಗೆ ಮೇಲಿನ ತರಗತಿಯವರೊಬ್ಬರು, ಎಂದು ಅಲ್ಲಿ ಲೆಕ್ಕವನ್ನೂ ಗೊತ್ತುಮಾಡಿದೆ. ಆ ನಿಯಮಾವಳಿಯ ದಂಡನೆಯ ಭಾಗವನ್ನು ಎಲ್ಲರೂ ಬಲ್ಲರು. ಪ್ರವೇಶದ ಕಾಲದಲ್ಲಿ ವಿದ್ಯಾರ್ಥಿಗಳಿಂದಲೂ ಪೋಷಕರಿಂದಲೂ ಮುಚ್ಚಳಿಕೆ ಬರೆಯಿಸಿಕೊಳ್ಳುವುದುಂಟು. ಆದರೆ ಮುಚ್ಚಳಿಕೆಯು ಹಿರಿಯನನ್ನು ಕೇಡುಮಾಡದಂತೆ ತಡೆಯಬಲ್ಲುದೇ ಹೊರತು, ಕಿರಿಯನಿಗೆ ಒಬ್ಬ ಅಣ್ಣನನ್ನಾಗಲಿ ಅಕ್ಕನನ್ನಾಗಲಿ ಕೊಡಲಾರದು. ನಿಯಮದ ಆ ಎರಡನೆಯ ಅರ್ಧವೇ ಆಚರಣೆಗೆ ಬರಬೇಕಾಗಿದೆ.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಓದಿಬಂದವರಿಗೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳ ಇಂಗ್ಲಿಷು ಪಾಠವು ಕಬ್ಬಿಣದ ಕಡಲೆಯಾಗುವುದು. ಕೇರಳದಿಂದಲೂ ಈಶಾನ್ಯ ಪ್ರಾಂತಗಳಿಂದಲೂ ಬಂದು ಇಲ್ಲಿ ಕಲಿಯುವವರಿಗೆ ಪಾಠವು ತಿಳಿದರೂ ರೋಗಿಯ ಮಾತು ತಿಳಿಯದು. ಎದೆಯೊಳಗೆ ಹಿಂಡಿದಂತಾಗುತ್ತಿದೆಯೆಂದು ಮುದುಕಿಯೊಬ್ಬಳು ಕನ್ನಡದಲ್ಲಿ ಹೇಳಿದರೆ, ಅದು ಅರ್ಥವಾಗದಿರುವುದು ಬರಿಯ ಮುಜುಗರದ ಸಂಗತಿಯಲ್ಲ, ಪ್ರಾಣದ ಸಂಗತಿ. ಒಂದೇ ಗುಂಪಿನ ಆರು ಮಂದಿಯಲ್ಲಿ ಈ ಎರಡು ಬಗೆಯವರನ್ನೂ ಕೂಡಿಸಿದರೆ, ಹಿರಿಯರ ಕಣ್ಣಿನ ಮುಂದೆ ಒಬ್ಬರು ವಾರ್ಡಿನ ಕನ್ನಡವನ್ನೂ ಇನ್ನೊಬ್ಬರು ಪುಸ್ತಕದ ಇಂಗ್ಲಿಷನ್ನೂ ಪರಸ್ಪರ ಕಲಿಸಿಕೊಳ್ಳಬಹುದು.

ಹಿರಿಯರ ಕೈಗೆ ಅಧಿಕಾರವನ್ನು ಕೊಟ್ಟರೆ ರ‍್ಯಾಗಿಂಗೇ ಬೇರೆ ವೇಷದಲ್ಲಿ ಬಂದೀತೆಂದು ಕೆಲವರು ಶಂಕಿಸಬಹುದು. ಶಂಕೆಯು ನಿರಾಧಾರವಲ್ಲ. ಆದುದರಿಂದಲೇ ಕೊಡತಕ್ಕದ್ದು ಅಧಿಕಾರವನ್ನಲ್ಲ, ಹೊಣೆಯನ್ನು. ಮಾರ್ಗದರ್ಶಕರು ಕಿರಿಯರಿಂದ ಒಂದು ಲೋಟ ನೀರನ್ನೂ ತರಿಸಕೂಡದು. ಅಧ್ಯಾಪಕರ ಗೈರುಹಾಜರಿಯಲ್ಲಿ ರೋಗಿಯ ಮೇಲೆ ಚಿಕಿತ್ಸಾಕ್ರಮಗಳನ್ನು ಕಲಿಸಕೂಡದು. ಕಲಿಸುವುದು ಅಧ್ಯಾಪಕರ ಕೆಲಸ, ಅಧ್ಯಾಪಕರ ಕೊರತೆಯನ್ನು ತುಂಬಲು ಈ ಏರ್ಪಾಡನ್ನು ಉಪಯೋಗಿಸುವುದು ವಂಚನೆ. ಕಿರಿಯರು ನಂಬಿ ಹೇಳಿದ ಮಾತು ಗುಟ್ಟಾಗಿರಬೇಕು. ಆದರೆ ಒಬ್ಬರು ಬದುಕಿನಲ್ಲಿಯೇ ಬೇಸತ್ತು ಮಾತಾಡಿದರೆ ಅಂದೇ ಅದನ್ನು ಹೊಣೆಗಾರರಾದ ಅಧ್ಯಾಪಕರಿಗೆ ತಿಳಿಸಬೇಕು. ಕಿರಿಯರಿಗೆ ಹೊಂದದಿದ್ದರೆ ಕಾರಣವನ್ನು ಕೇಳದೆ ಮಾರ್ಗದರ್ಶಕರನ್ನು ಬದಲಿಸಬೇಕು.

ಹಿರಿಯರಿಗೂ ಪಾಠ, ಪರೀಕ್ಷೆ, ರಾತ್ರಿಪಾಳಿಗಳ ಭಾರವಿದೆಯೆಂಬುದು ಎರಡನೆಯ ಆಕ್ಷೇಪಣೆ. ಇದೂ ನಿಜವೇ. ವಾರಕ್ಕೊಂದು ಗಂಟೆಯನ್ನು ವೇಳಾಪಟ್ಟಿಯಲ್ಲಿಯೇ ಇದಕ್ಕಾಗಿ ತೆಗೆದಿಡಲಿ. ಅವರ ವಿಶ್ರಾಂತಿಯಿಂದ ಕದಿಯುವುದು ಬೇಡ. ಮುಂದೆ ಇವರೇ ವಾರ್ಡುಗಳ ಮೇಲ್ವಿಚಾರಕರಾಗಿ ಹೊಸ ನರ್ಸುಗಳನ್ನು ತಿದ್ದತಕ್ಕವರು. ಗದರಿಸದೆ ತಿದ್ದುವ ವಿದ್ಯೆಯನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾವು ಕಾಣೆವು.

ಇದಕ್ಕೆ ಕಟ್ಟಡ ಬೇಡ, ಹೆಚ್ಚಿನ ಹಣ ಬೇಡ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಿಂದ ನಡೆಯುತ್ತಿರುವ ಸಂಸ್ಥೆ. ತನ್ನ ಅಂಗವಾದ ನರ್ಸಿಂಗ್ ಕಾಲೇಜುಗಳನ್ನು ಪರಿಶೀಲಿಸುವಾಗ ಮಂಚಗಳನ್ನೂ ಪುಸ್ತಕಗಳನ್ನೂ ಎಣಿಸುವುದರ ಜೊತೆಗೆ, ಹೊಸಬರನ್ನು ಕರೆದು ನಿಮ್ಮ ಮಾರ್ಗದರ್ಶಕರು ಯಾರೆಂದು ಅದು ಕೇಳಲಿ. ಮೂರು ವರುಷದ ಡಿಪ್ಲೊಮಾ ಶಾಲೆಗಳು ವಿಶ್ವವಿದ್ಯಾಲಯದ ಆಡಳಿತಕ್ಕೆ ಒಳಪಡವಾದರೂ ಅಲ್ಲಿನ ಹೊಸಬರ ಕಷ್ಟವು ಕಡಿಮೆಯದಲ್ಲ. ಅವು ತಾವಾಗಿಯೇ ಮುಂದೆ ಬರಬೇಕು. ಮಾರ್ಗದರ್ಶಕರನ್ನು ಆರಿಸತಕ್ಕದ್ದು ವರ್ಷಾಂತ್ಯದಲ್ಲಿ, ಹೊಸಬರು ಬಂದಮೇಲಲ್ಲ, ಎಂದು 2009ರ ನಿಯಮವೇ ಹೇಳುತ್ತದೆ. ಆದುದರಿಂದ ಪ್ರಾಂಶುಪಾಲರು ಈ ವರುಷದ ಪರೀಕ್ಷೆಗಳು ಮುಗಿಯುವುದರೊಳಗಾಗಿ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕೆಂದು ನಾವು ಬಿನ್ನವಿಸುತ್ತೇವೆ.