ಲೇಸರ್ ಸುಳ್ಳು ಹೇಳಲ್ಲ, ಆದರೆ ಕೈ ಅಲುಗಾಡಬಹುದು

ಹೆದ್ದಾರಿಯಲ್ಲಿ ಒಮ್ಮೆ ನಮ್ಮ ಕಾರನ್ನು ತಡೆದರು. ಮಿತಿ 100, ಸ್ಪೀಡ್ ಗನ್ನಿನ ಪರದೆ ಮೇಲೆ 112. ‘ಮಷಿನ್ ಹೇಳ್ತಿದೆ ಸಾರ್, ನಾವಲ್ಲ’ ಅಂದರು. ದಂಡ ಕಟ್ಟಿ ಬಂದೆವು. ನಮ್ಮದು ತಪ್ಪೇ ಇರಬಹುದು. ಆದರೆ ಆ ಮಾತು ನನ್ನ ತಲೆಯಲ್ಲೇ ಉಳಿಯಿತು.

ಮಷಿನ್ ಏನು ಹೇಳುತ್ತೆ? ಗನ್ನಿನಿಂದ ಕಣ್ಣಿಗೆ ಕಾಣದ ಲೇಸರ್ ಮಿಡಿತಗಳು ಹೊರಡುತ್ತವೆ. ಕಾರಿಗೆ ಬಡಿದು ವಾಪಸ್ ಬಂದ ಬೆಳಕನ್ನು ಸೆನ್ಸರ್ ಹಿಡಿಯುತ್ತದೆ. ಕಾರು 300 ಮೀಟರ್ ದೂರವಿದ್ದರೆ ಬೆಳಕು ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ 2 ಭಾಗ ಸಾಕು. ಹೀಗೆ ಮತ್ತೆ ಮತ್ತೆ ದೂರ ಅಳೆದು, ಅದು ಎಷ್ಟು ಬೇಗ ಕಮ್ಮಿಯಾಗ್ತಿದೆ ಅಂತ ಲೆಕ್ಕ ಹಾಕಿದರೆ ವೇಗ ಸಿಗುತ್ತದೆ. ಅಷ್ಟೇ.

ಎಡವಟ್ಟಾಗುವುದು ಗುರಿಯಲ್ಲಿ. ಅಳೆಯುವಾಗ ಕೈ ಅಲುಗಿ, ಕಿರಣ ಕಾರಿನ ಕನ್ನಡಿಯಿಂದ ಮುಂದಿನ ನಂಬರ್ ಪ್ಲೇಟಿಗೆ ಜಾರಿತು ಅಂದುಕೊಳ್ಳಿ. ಆ ಒಂದೂವರೆ ಮೀಟರನ್ನೂ ಗನ್ ಕಾರಿನ ಓಟವೆಂದೇ ಎಣಿಸಬಹುದು. ಇದು 0.3 ಸೆಕೆಂಡಿನಲ್ಲಿ ನಡೆದರೆ ಗಂಟೆಗೆ 18 ಕಿ.ಮೀ. ಹೆಚ್ಚು ತೋರಿಸುತ್ತದೆ! ಒಳ್ಳೆಯ ಸಾಧನಗಳು ಇಂಥ ಎಡವಟ್ಟು ಅಳತೆಯನ್ನು ತಳ್ಳಿಹಾಕುವಂತೆ ರೂಪಿಸಲ್ಪಟ್ಟಿರುತ್ತವೆ. ಹಾಗಾಗಿ ಯಾವ ಸಾಧನ, ಯಾರ ಕೈ, ಯಾವಾಗ ಪರೀಕ್ಷೆಯಾಗಿದೆ ಎಂಬುದೇ ಮುಖ್ಯ.

ಹಾಗಂತ ಗನ್ ಬೇಡ ಅಂತೀನಾ? ಖಂಡಿತ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಅದರಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳು ಅತಿವೇಗದ ಖಾತೆಗೆ ಸೇರಿವೆ. ಗನ್ ಬೇಕೇ ಬೇಕು. ಅದಕ್ಕೇ ಅದರ ಮೇಲೆ ಜನರಿಗೆ ನಂಬಿಕೆಯೂ ಬೇಕು.

ಕಾನೂನಿನಲ್ಲಿ ದಾರಿ ಇದೆ. 2021ರ ಆಗಸ್ಟ್‌ನಲ್ಲಿ ಬಂದ ಮೋಟಾರು ವಾಹನ ನಿಯಮ 167ಎ ಪ್ರಕಾರ ಸ್ಪೀಡ್ ಗನ್ನಿಗೆ ರಾಜ್ಯ ಸರ್ಕಾರ ನೇಮಿಸಿದ ಪ್ರಾಧಿಕಾರದ ಅನುಮೋದನಾ ಪತ್ರ ಇರಬೇಕು, ಅದು ಪ್ರತಿ ವರ್ಷ ನವೀಕರಣ ಆಗಬೇಕು. ನಿಗಾ ಇರುವ ಜಾಗಕ್ಕೂ ಮುಂಚೆ ಎಚ್ಚರಿಕೆ ಫಲಕ ಇರಬೇಕು. 15 ದಿನದೊಳಗೆ ನೋಟಿಸ್, ಜೊತೆಗೆ ಫೋಟೊ ಮತ್ತು ಅಳತೆ ಕೊಡಬೇಕು.

ನನ್ನ ಬೇಡಿಕೆ ಚಿಕ್ಕದು: ಪ್ರತಿ ದಂಡದ ನೋಟಿಸಿನಲ್ಲೂ ಆ ಗನ್ನಿನ ಪತ್ರದ ಸಂಖ್ಯೆ ಮತ್ತು ಕೊನೆಯ ಪರೀಕ್ಷೆಯ ದಿನಾಂಕ ಅಚ್ಚಾಗಲಿ. ಎರಡೇ ಸಾಲು. ಲಘು ವಾಹನದ ಅತಿವೇಗಕ್ಕೆ ಕೇಂದ್ರ ಕಾಯ್ದೆಯಲ್ಲಿ 1,000ದಿಂದ 2,000 ರೂಪಾಯಿ ದಂಡ ಇದೆ. ದಿನಗೂಲಿಯ ಚಾಲಕನಿಗೆ ಅದು ಎಷ್ಟೋ ದಿನದ ದುಡಿಮೆ. ಅವನು ‘ತೋರಿಸಿ ಸಾರ್’ ಅಂತ ಕೇಳಿದರೆ ಅದು ಉದ್ಧಟತನ ಅಲ್ಲ, ಹಕ್ಕು. ಮುಂದಿನ ಸಲ ಯಾರಾದರೂ ತಡೆದರೆ ನಾನೂ ಕೇಳ್ತೀನಿ. ನೀವೂ ಕೇಳಿ.